ಐರಿಶ್ ಜಮೀನ್ದಾರರ ಮದುವೆ ಪತ್ರಗಳು: ಸೊಸೆ ತಂದ ಮೂರು ಸಾವಿರ ಪೌಂಡ್ ಎಲ್ಲಿ ಹೋಯಿತು?

ಕಡತಪ್ರಿಯ:

ಪಶ್ಚಿಮ ಐರ್ಲೆಂಡಿನ ಒಂದು ಪ್ರಾಟೆಸ್ಟೆಂಟ್ ಜಮೀನ್ದಾರ ಮನೆತನದ ಪತ್ರಗಳ ಸ್ಕ್ಯಾನ್ ಪ್ರತಿಗಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯಬೇಕಾಗಿದೆ. 1738ರಿಂದ 1752ರವರೆಗಿನ ಅರವತ್ತು ಚಿಲ್ಲರೆ ಪತ್ರಗಳು. ಅರ್ಧ ಮದುವೆ ಮಾತುಕತೆ, ಇನ್ನರ್ಧ ದುಡ್ಡಿನ ತಗಾದೆ. ಕೈಬರಹ ಓದಲು ಬರುತ್ತದೆ, ಲೆಕ್ಕ ಮಾತ್ರ ಹೊಂದುತ್ತಿಲ್ಲ.

ಹುಡುಗಿಯ ತಂದೆ 3,000 ಪೌಂಡ್ ‘ಪೋರ್ಷನ್’ (ಹೆಣ್ಣಿನ ಪಾಲಿನ ಹಣ) ಕೊಡುತ್ತೇನೆಂದು ಒಪ್ಪುತ್ತಾನೆ. ಅದಕ್ಕೆ ಪ್ರತಿಯಾಗಿ ಹುಡುಗನ ಕಡೆಯವರು ವರ್ಷಕ್ಕೆ 300 ಪೌಂಡ್ ‘ಜಾಯಿಂಚರ್’ (ವಿಧವೆಯಾದರೆ ಹೆಂಡತಿಗೆ ಸಲ್ಲಬೇಕಾದ ಹಣ) ಬರೆದುಕೊಡುತ್ತಾರೆ. ಮದುವೆ ಆಗುತ್ತದೆ. ಮೂರೇ ತಿಂಗಳಿಗೆ ಹುಡುಗ ಭಾವಮೈದುನನಿಗೆ ಬರೆಯುತ್ತಾನೆ: ಕೈಯಲ್ಲಿ ಕಾಸಿಲ್ಲ, ನವೆಂಬರ್ ‘ಗೇಲ್’ (ಗೇಣಿ ಕಂತು) ಆದ ಮೇಲೆ ನೋಡೋಣ ಅಂತ. ಮೂರು ಸಾವಿರ ತಿಂದು ತೇಗಿದನೇ?

ಹುಡುಗನ ಅಕ್ಕ ಹನ್ನೊಂದು ವರ್ಷ ‘ನನ್ನ 1,500’ ಎಂದು ಒಂದೇ ಸಮನೆ ಬರೆಯುತ್ತಾಳೆ. ಆದರೆ ಆಕೆಗೆ ಮೇ ತಿಂಗಳಿಗೊಮ್ಮೆ, ನವೆಂಬರಿಗೊಮ್ಮೆ 45 ಪೌಂಡ್ ಬಂದಿರುವುದಕ್ಕೂ ರಸೀದಿ ಇದೆ. ಇದು ಸಾಲದ ಕಂತೇ? ಹಾಗಿದ್ದರೆ ಹನ್ನೊಂದು ವರ್ಷದಲ್ಲಿ 990 ತೀರಿರಬೇಕಲ್ಲ, ಅವಳು ಕೊನೆವರೆಗೂ 1,500 ಅಂತಲೇ ಹೇಳುತ್ತಾಳೆ.

ಒಂದು ಕಡೆ ಉಡುಗೊರೆಯ ಮೊತ್ತ 56 ಪೌಂಡ್ 17 ಶಿಲ್ಲಿಂಗ್ 6 ಪೆನ್ಸ್. ಇಷ್ಟು ವಕ್ರ ಮೊತ್ತದ ಉಡುಗೊರೆ ಯಾರಾದರೂ ಕೊಡುತ್ತಾರೆಯೇ?

ಇನ್ನೊಂದು: 1749ರ ಫೆಬ್ರವರಿಯ ಪತ್ರವೊಂದು 1749ರ ಡಿಸೆಂಬರ್ ಪತ್ರಕ್ಕೆ ಉತ್ತರವಾಗಿದೆ. ಬರೆದವನ ಕೈತಪ್ಪು ಅಂದುಕೊಂಡು ತಿದ್ದಲೇ?

ಕೊನೆಗೆ, ಪೋರ್ಷನ್ ಎಂಬುದಕ್ಕೆ ‘ವರದಕ್ಷಿಣೆ’ ಎಂದು ಬರೆದರೆ ತಪ್ಪಾದೀತೇ?

---

ಗೇಣಿಚೀಟಿ:

ತಿಂದು ತೇಗಿಲ್ಲ. ನಿಮ್ಮ ಎರಡನೇ ಪ್ರಶ್ನೆಯಲ್ಲೇ ಮೊದಲನೆಯದಕ್ಕೆ ಉತ್ತರ ಕೂತಿದೆ: ಸೊಸೆ ತಂದ ಗಂಟು ನಾದಿನಿಯರಿಗೆ ಹೋಗುತ್ತದೆ. ಇದೊಂದು ಹಿಡಿದರೆ ಈ ವರ್ಗದ ಪತ್ರಗಳ ಮುಕ್ಕಾಲು ಪಾಲು ಜಗಳ ಬಿಡಿಸಿಕೊಳ್ಳುತ್ತದೆ.

ಕಟ್ಟಳೆ ಹೀಗೆ. ಜಮೀನು ಹಿರಿಮಗನಿಗೆ, ಒಡೆಯದೆ ಇಡಿಯಾಗಿ. ಅದೂ ಪೂರ್ತಿ ಒಡೆತನವಲ್ಲ, ಅವನ ಆಯುಷ್ಯದವರೆಗಿನ ಅನುಭೋಗ ಮಾತ್ರ. ಅವನ ನಂತರ ಅವನ ಹಿರಿಮಗನಿಗೆ. ಹಾಗಾಗಿ ಮನಸ್ಸಿಗೆ ಬಂದಂತೆ ಪರಭಾರೆ ಮಾಡುವಂತಿಲ್ಲ. ಮಿಕ್ಕ ಮಕ್ಕಳಿಗೆ, ಅಂದರೆ ಹೆಣ್ಣುಮಕ್ಕಳಿಗೆ ಮತ್ತು ಕಿರಿಯ ಗಂಡುಮಕ್ಕಳಿಗೆ, ಜಮೀನಿನ ಬದಲು ನಗದು. ಅದು ಅಪ್ಪ ಅಮ್ಮನ ಮದುವೆ ಪತ್ರದಲ್ಲೇ, ಆ ಮಕ್ಕಳು ಹುಟ್ಟುವ ಮೊದಲೇ, ಎಸ್ಟೇಟಿನ ಮೇಲೆ ಭಾರವಾಗಿ ಬರೆದಿರುತ್ತದೆ. ಸಾಮಾನ್ಯವಾಗಿ 21 ತುಂಬಿದಾಗ ಅಥವಾ ಮದುವೆಯಾದಾಗ ಕೊಡಬೇಕು.

ಭಾರ ಬರೆದಿದೆ, ಆದರೆ ಹಣ ಎಲ್ಲಿದೆ? ಜಮೀನು ಮಾರುವಂತಿಲ್ಲ, ಗೇಣಿ ವರ್ಷದ ಖರ್ಚಿಗೇ ಸಾಲದು. ಹಾಗಾಗಿ ಜಮೀನು ಪಡೆದ ಹಿರಿಮಗ ಅಸಲು ಕೊಡದೆ ಬಡ್ಡಿ ಕೊಡುತ್ತಾ ಹೋಗುತ್ತಾನೆ. 1,500ಕ್ಕೆ ಶೇಕಡಾ 6ರಂತೆ ವರ್ಷಕ್ಕೆ 90. ಎರಡು ಕಂತು ಮಾಡಿದರೆ 45. ನಿಮ್ಮ ರಸೀದಿಗಳು ಬಡ್ಡಿಯವು, ಅಸಲಿನವಲ್ಲ. 1730ರ ದಶಕದ ನಂತರ ಐರ್ಲೆಂಡಿನಲ್ಲಿ ಕಾನೂನು ಒಪ್ಪುವ ಗರಿಷ್ಠ ಬಡ್ಡಿ ಶೇಕಡಾ 6 (ಇಂಗ್ಲೆಂಡಿನಲ್ಲಿ 5), ಅದಕ್ಕೆ ಸರಿಯಾಗಿ ಹೊಂದುತ್ತದೆ. ಅಕ್ಕ ಹೇಳುವ 1,500 ಕೊನೆವರೆಗೂ 1,500 ಆಗಿಯೇ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ. ಅವಳ ಅಳಲು ಬೇರೆ: ಅಸಲು ಕೈಗೆ ಬಾರದೆ ಅವಳಿಗೆ ಗಂಡು ಗೊತ್ತಾಗುವುದಿಲ್ಲ. 90 ಪೌಂಡ್ ವರಮಾನದ ಹೆಣ್ಣನ್ನು ಕೇಳುವವರು ಕಡಿಮೆ, 1,500 ಇಡಿಗಂಟು ತರುವವಳನ್ನು ಕೇಳುವವರು ಬೇಕಾದಷ್ಟು.

ಇಂಥ ಹಿರಿಮಗನಿಗೆ ಅಸಲು ಹೊಂದಿಸಲು ಎರಡೇ ದಾರಿ. ಅಡಮಾನ, ಇಲ್ಲವೇ ಮದುವೆ. ನಿಮ್ಮ ಕಟ್ಟಿನಲ್ಲಿ ಅವನಿಗೆ ಇನ್ನೊಬ್ಬ ಅಕ್ಕನೋ ತಂಗಿಯೋ ಇದ್ದಾಳೆಯೇ ನೋಡಿ. 3,000 ಎಂದರೆ ಎರಡು 1,500. ಮದುವೆಯ ಮಾತು 3,000ಕ್ಕೇ ನಿಂತದ್ದು ಕಾಕತಾಳೀಯ ಅನ್ನಿಸುವುದಿಲ್ಲ.

ಕಾಲ್ಪನಿಕ ಎಸ್ಟೇಟ್ ಒಂದನ್ನು ಇಟ್ಟು ತೋರಿಸುತ್ತೇನೆ. ಗೇಣಿ ಪುಸ್ತಕದ ಪ್ರಕಾರ ವರ್ಷಕ್ಕೆ 1,200 ಪೌಂಡ್. ಮೇಲಿನ ಒಡೆಯನಿಗೂ ಸರ್ಕಾರಕ್ಕೂ ಕಟ್ಟುವುದು 120. ಏಜೆಂಟನ ಶೇಕಡಾ 5, ಅಂದರೆ 60. ವಿಧವೆ ತಾಯಿಯ ಜಾಯಿಂಚರ್ 250. ಇಬ್ಬರು ಸೋದರಿಯರ ಬಡ್ಡಿ 180. ಹಳೆಯ 2,000ದ ಅಡಮಾನಕ್ಕೆ ಬಡ್ಡಿ 120. ಒಟ್ಟು 730 ಹೋಯಿತು, ಉಳಿದದ್ದು 470. ಅದರಲ್ಲಿ ಒಕ್ಕಲುಗಳ ಬಾಕಿ ನೂರು ಕಳೆಯಿರಿ. ‘ಸಾವಿರದ ಇನ್ನೂರರ ಧಣಿ’ ಎಂದು ಊರೆಲ್ಲ ಹೇಳುವವನು ಬದುಕುವುದು 370ರಲ್ಲಿ.

ಈಗ ಸೊಸೆ 3,000 ತಂದಳು. ಸೋದರಿಯರ ಅಸಲು ತೀರಿತು, ವರ್ಷಕ್ಕೆ 180 ಉಳಿಯಿತು. ಬದಲಿಗೆ ಬರೆದುಕೊಟ್ಟ 300ರ ಜಾಯಿಂಚರ್ ಇವತ್ತು ಒಂದು ಪೆನ್ನಿಯನ್ನೂ ಕೇಳುವುದಿಲ್ಲ. ಗಂಡ ಸತ್ತ ದಿನದಿಂದ ಹೆಂಡತಿ ಸಾಯುವವರೆಗೆ ಕೊಡಬೇಕಾದದ್ದು. ಗಂಡಿನ ಮನೆಗೆ ಲಾಭ ಈಗ, ಭಾರ ಮುಂದೆ. ಮದುವೆಯಾದ ಮೂರು ತಿಂಗಳಿಗೆ ಕೈ ಖಾಲಿ ಎಂದು ಬರೆದದ್ದು ಸುಳ್ಳಲ್ಲ. ಗಂಟು ಅವನ ಕೈ ದಾಟಿ ಹೋಗಿದೆ, ಅಷ್ಟೆ.

ಕೆಡುವುದೆಲ್ಲಿ ಎಂದರೆ ಅತ್ತೆ ಗಟ್ಟಿಮುಟ್ಟಾಗಿದ್ದು ಮಗ ಬೇಗ ಸತ್ತರೆ. ಇದೇ ಎಸ್ಟೇಟಿನ ಮೇಲೆ ಆಗ ಎರಡು ಜಾಯಿಂಚರ್, 250ಕ್ಕೆ 300 ಸೇರಿ 550. ಮೇಲಿನ ಗೇಣಿ, ಏಜೆಂಟ್, ಅಡಮಾನದ 300 ಸೇರಿಸಿದರೆ 850. ಮೊಮ್ಮಗನಿಗೆ ಉಳಿಯುವುದು 350, ಅದರ ಮೇಲೆ ಅವನ ತಂಗಿಯರ ಪೋರ್ಷನ್ ಹೊರೆ. ಎರಡು ತಲೆಮಾರು ಹೀಗೆ ನಡೆದರೆ ಎಸ್ಟೇಟ್ ಹೆಸರಿಗೆ ಮಾತ್ರ. 1840ರ ದಶಕದ ಮಹಾಕ್ಷಾಮದಲ್ಲಿ ಗೇಣಿ ಬರುವುದು ನಿಂತಾಗ ಇಂಥ ಮನೆಗಳೇ ಸಾಲುಸಾಲಾಗಿ ಬಿದ್ದವು. ಅವುಗಳನ್ನು ಮಾರಲೆಂದೇ 1849ರಲ್ಲಿ ಋಣಭಾರದ ಎಸ್ಟೇಟುಗಳ ಕೋರ್ಟ್ ತೆರೆಯಬೇಕಾಯಿತು. ಜೂಜು, ಕುದುರೆ, ಕುಡಿತ ಎಂದು ಕಥೆ ಕಟ್ಟುವುದು ಸುಲಭ. ಆದರೆ ಸಾಲದ ಬುಡ ಎಷ್ಟೋ ಕಡೆ ಅಜ್ಜಿಯ ಮದುವೆ ಪತ್ರದಲ್ಲಿರುತ್ತದೆ.

‘ಗೇಲ್’ ಎಂದರೆ ಅರ್ಧ ವರ್ಷದ ಗೇಣಿ ಕಂತು, ರೂಢಿಯಲ್ಲಿ ಮೇ 1 ಮತ್ತು ನವೆಂಬರ್ 1. ಆದರೆ ಒಕ್ಕಲಿಗೆ ಅರ್ಧ ವರ್ಷ ಸಾವಕಾಶ ಕೊಡುವ ರೂಢಿ ಬಹಳ ಕಡೆ ಇತ್ತು. ನೇತಾಡುವ ಗೇಲ್ ಎಂದೇ ಅದಕ್ಕೆ ಹೆಸರು. ಮೇ ತಿಂಗಳ ಬಾಬ್ತು ನವೆಂಬರಿಗೆ ಬರುತ್ತದೆ. ಹಾಗಾಗಿ ‘ನವೆಂಬರ್ ಗೇಲ್ ಆದ ಮೇಲೆ’ ಎಂಬ ಮಾತನ್ನು ನವೆಂಬರ್ 2 ಅಂತ ಓದಬೇಡಿ. ದನದ ಸಂತೆ ಮುಗಿದು, ಏಜೆಂಟ್ ಒಟ್ಟುಮಾಡಿ, ಡಬ್ಲಿನ್‌ಗೆ ಹುಂಡಿ ಕಳಿಸುವ ಹೊತ್ತಿಗೆ ಹೊಸ ವರ್ಷವೇ ಬಂದಿರುತ್ತದೆ.

---

ಅರಗುಮುದ್ರೆ:

ವಕ್ರ ಮೊತ್ತ ಮತ್ತು ತಾರೀಖಿನ ಬಗ್ಗೆ.

56-17-6 ವಕ್ರವಲ್ಲ, ಗುಂಡಾದ ಮೊತ್ತ. ಸರಿಯಾಗಿ 50 ಗಿನಿ (ಗಿನಿ ಎಂದರೆ ಆಗಿನ ಚಿನ್ನದ ನಾಣ್ಯ). ಇಂಗ್ಲೆಂಡಿನಲ್ಲಿ ಗಿನಿಗೆ 21 ಶಿಲ್ಲಿಂಗ್. ಐರಿಶ್ ಲೆಕ್ಕದಲ್ಲಿ ಅದೇ ನಾಣ್ಯಕ್ಕೆ 22 ಶಿಲ್ಲಿಂಗ್ 9 ಪೆನ್ಸ್, ಯಾಕೆಂದರೆ ಇಂಗ್ಲಿಷ್ ಶಿಲ್ಲಿಂಗ್ ಅಲ್ಲಿ 12ರ ಬದಲು 13 ಪೆನ್ಸಿಗೆ ಓಡುತ್ತಿತ್ತು. ಐವತ್ತರಿಂದ ಗುಣಿಸಿ ನೋಡಿ. ಹಾಗೆಯೇ 1-2-9 ಕಂಡರೆ ಒಂದು ಗಿನಿ, 4-11-0 ಕಂಡರೆ ನಾಲ್ಕು, 113-15-0 ಕಂಡರೆ ನೂರು. ಈ ನಾಲ್ಕು ಮೊತ್ತಗಳನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ, ಪದೇ ಪದೇ ಬರುತ್ತವೆ.

ಈ ಹದಿಮೂರಕ್ಕೆ ಹನ್ನೆರಡರ ವ್ಯತ್ಯಾಸ 1826ರ ಜನವರಿಯವರೆಗೂ ಇತ್ತು. 100 ಇಂಗ್ಲಿಷ್ ಪೌಂಡ್ ಎಂದರೆ 108 ಪೌಂಡ್ 6 ಶಿಲ್ಲಿಂಗ್ 8 ಪೆನ್ಸ್ ಐರಿಶ್. ಮದುವೆ ಮಾತಿನಲ್ಲಿ ಇದು ಸಣ್ಣದಲ್ಲ. ನಿಮ್ಮ 3,000 ಐರಿಶ್ ಆಗಿದ್ದರೆ ಇಂಗ್ಲಿಷ್ ಹಣದಲ್ಲಿ 2,769 ಚಿಲ್ಲರೆ. ಹೆಣ್ಣಿನ ಕಡೆಯವರು ಲಂಡನ್ನಿನಲ್ಲಿದ್ದರೆ ಯಾವ ಹಣ ಎಂಬ ಒಂದೇ ಪದಕ್ಕೆ ತಿಂಗಳುಗಟ್ಟಲೆ ಪತ್ರ ಓಡಾಡಬಹುದು. ‘ಸ್ಟರ್ಲಿಂಗ್’ ಎಂದು ಬರೆದಿದ್ದರೆ ಇಂಗ್ಲಿಷ್ ಎಂದು ಕಣ್ಣುಮುಚ್ಚಿ ನಂಬಬೇಡಿ. ಐರಿಶ್ ದಸ್ತಾವೇಜುಗಳಲ್ಲಿ ಐರಿಶ್ ಹಣಕ್ಕೂ ಅದೇ ಪದ ಬಳಸುತ್ತಿದ್ದರು. ‘ಇಂಗ್ಲಿಷ್ ಹಣ’, ‘ಬ್ರಿಟಿಷ್’ ಎಂದು ಬಿಡಿಸಿ ಬರೆದಿದ್ದರೆ ಮಾತ್ರ ಖಾತ್ರಿ. ಹುಂಡಿಯ ಮೇಲಿನ ವಿನಿಮಯ ದರವೂ ಏರಿಳಿಯುತ್ತಿತ್ತು. 1804ರಲ್ಲಿ ಅದು ಎಷ್ಟು ಕೆಟ್ಟಿತೆಂದರೆ ಪಾರ್ಲಿಮೆಂಟ್ ಒಂದು ಸಮಿತಿಯನ್ನೇ ಕೂರಿಸಿತು. ನಿಮ್ಮ ಕಾಲಕ್ಕೆ ಶೇಕಡಾ 8⅓ರ ಆಸುಪಾಸು ಇಟ್ಟುಕೊಂಡರೆ ಸಾಕು.

ಭೂಮಿಯ ಅಳತೆಗೂ ಇದೇ ಎಚ್ಚರ ಬೇಕು. ಐರಿಶ್ ಎಕರೆ ಈಗಿನ ಎಕರೆಯ ಸುಮಾರು 1.62 ಪಟ್ಟು. ‘500 ಎಕರೆ’ ಎಂದು ಪತ್ರದಲ್ಲಿದ್ದರೆ 810 ಆಗಬಹುದು.

ತಾರೀಖು ತಿದ್ದಬೇಡಿ ದಯವಿಟ್ಟು! 1752ಕ್ಕೆ ಮುಂಚೆ ಅಲ್ಲಿ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ಆದ್ದರಿಂದ 1749ರ ಡಿಸೆಂಬರ್ ಆದ ಮೇಲೆ 1749ರ ಜನವರಿ, 1749ರ ಫೆಬ್ರವರಿ, ಮಾರ್ಚ್ 24ರವರೆಗೂ 1749. ನಿಮ್ಮ ಫೆಬ್ರವರಿ ಪತ್ರ ನಮ್ಮ ಲೆಕ್ಕದ 1750. ಟಿಪ್ಪಣಿಯಲ್ಲಿ 1749/50 ಎಂದು ಹಾಕಿ. ಚೊಕ್ಕಟವಾಗಿ ಬರೆಯುವವರು ಆಗಲೇ ಹಾಗೆ ಬರೆಯುತ್ತಿದ್ದರು, ಸೋಮಾರಿಗಳು ಬರೆಯುತ್ತಿರಲಿಲ್ಲ. ಇನ್ನು ಕೆಲವರು ಜನವರಿ 1ಕ್ಕೇ ವರ್ಷ ಬದಲಿಸುತ್ತಿದ್ದರು, ಹಾಗಾಗಿ ಬರೆಯುವವರ ಅಭ್ಯಾಸವನ್ನು ಒಬ್ಬೊಬ್ಬರಿಗೂ ಬೇರೆಯಾಗಿ ಗುರುತಿಸಿ. 1752ರ ಸೆಪ್ಟೆಂಬರ್ 2ರ ಮರುದಿನ 14 ಆಯಿತು. ಆ ನಡುವಿನ ತಾರೀಖಿನ ಪತ್ರ ಕಟ್ಟಿನಲ್ಲಿದ್ದರೆ ಅದು ಯುರೋಪಿನ ಇನ್ನೊಂದು ದೇಶದಿಂದ ಬಂದಿರಬೇಕು, ಇಲ್ಲವೇ ನೀವು ಅಂಕಿ ತಪ್ಪು ಓದಿದ್ದೀರಿ.

ಇನ್ನೊಂದು ಮಾತು, ಸ್ಕ್ಯಾನ್ ನೋಡುವಾಗ ಹಿಂಬದಿ ಬಿಡಬೇಡಿ. ಲಕೋಟೆ ಇಲ್ಲದ ಕಾಲ. ಹಾಳೆಯನ್ನೇ ಮಡಚಿ, ಅಂಚನ್ನು ಅರಗಿನಿಂದ ಅಂಟಿಸಿ, ಹೊರಮೈ ಮೇಲೆ ವಿಳಾಸ. 1840ರ ಪೆನ್ನಿ ಅಂಚೆಯವರೆಗೆ ಸಾಮಾನ್ಯವಾಗಿ ಪಡೆದವರೇ ದುಡ್ಡು ಕೊಡಬೇಕಿತ್ತು, ಅದೂ ಹಾಳೆಯ ಲೆಕ್ಕದಲ್ಲಿ. ಎರಡು ಹಾಳೆಗೆ ಎರಡರಷ್ಟು. ಪಾರ್ಲಿಮೆಂಟ್ ಸದಸ್ಯನ ಸಹಿ ವಿಳಾಸದ ಮೂಲೆಯಲ್ಲಿದ್ದರೆ ಪುಕ್ಕಟೆ. ಮದುವೆಯ ಲೆಕ್ಕಪಟ್ಟಿ ಬೇರೆ ಹಾಳೆಯಲ್ಲಿ ಒಳಗಿಟ್ಟು ಬರುತ್ತಿದ್ದುದು ಹೀಗೆ ಪುಕ್ಕಟೆ ದಾರಿ ಇದ್ದಾಗ. ಆ ಹಾಳೆ ವಕೀಲನ ಕೈಗೆ ಹೋಗಿ ಪತ್ರ ಮಾತ್ರ ಮನೆಯಲ್ಲಿ ಉಳಿಯುತ್ತದೆ. ‘ಒಳಗಿಟ್ಟಿರುವುದನ್ನು ನೋಡಿ’ ಎಂಬ ಸಾಲು ಕಂಡಲ್ಲೆಲ್ಲ ಒಂದು ಕಾಗದ ಕಳೆದಿದೆ ಎಂದು ಗುರುತು ಹಾಕಿಕೊಳ್ಳಿ. ಹಿಂಬದಿಯಲ್ಲಿ ಅಡ್ಡಡ್ಡ ಬರೆದ ಒಂದೂವರೆ ಸಾಲು ಪಡೆದವನ ಕೈಯದು: ಯಾರಿಂದ, ಯಾವಾಗ ಬಂತು, ಯಾವ ವಿಷಯ. ಎಷ್ಟೋ ಸಲ ಉತ್ತರದ ಸಾರವೂ ಅಲ್ಲೇ ಸಿಗುತ್ತದೆ.

---

ಪದಕೋಶ:

‘ವರದಕ್ಷಿಣೆ’ ಬೇಡ ಅನ್ನುವುದು ನನ್ನ ಮತ. ವರದಕ್ಷಿಣೆ ಎಂದ ಕೂಡಲೇ ನಮ್ಮ ಓದುಗನ ತಲೆಯಲ್ಲಿ ಒಮ್ಮುಖದ ವಸೂಲಿ ಬರುತ್ತದೆ. ಇಲ್ಲಿ ಕೊಟ್ಟದ್ದಕ್ಕೆ ಪ್ರತಿಯಾಗಿ ಜಮೀನಿನ ಮೇಲೆ ಬರೆಸಿಕೊಂಡ ಹಕ್ಕು ಇದೆ, ಟ್ರಸ್ಟಿಗಳಿದ್ದಾರೆ, ಕೋರ್ಟಿನಲ್ಲಿ ನಿಲ್ಲುವ ದಸ್ತಾವೇಜು ಇದೆ. ‘ಸ್ತ್ರೀಧನ’ವೂ ಹೊಂದುವುದಿಲ್ಲ, ಸ್ತ್ರೀಧನ ಹೆಣ್ಣಿನ ಸ್ವಂತದ್ದು, ಪೋರ್ಷನ್ ಗಂಡನಿಗೋ ಮಾವನಿಗೋ ಹೋಗುತ್ತದೆ.

ನನ್ನ ಸಲಹೆ: ಪೋರ್ಷನ್ ಎಂದೇ ಇಟ್ಟು ಮೊದಲ ಸಲ ‘ಹೆಣ್ಣಿನ ಪಾಲಿನ ಹಣ’ ಎಂದು ಬಿಡಿಸಿ. ಹುಟ್ಟಿದ ಮನೆಯಲ್ಲಿ ಅದು ನಿಜಕ್ಕೂ ಪಾಲೇ. ಜಮೀನಿನ ಬದಲಿನ ಪಾಲು. ಕಿರಿಯ ಗಂಡುಮಕ್ಕಳದ್ದಕ್ಕೂ ಇದೇ ಪದ ಇರುವುದರಿಂದ ವರದಕ್ಷಿಣೆ ಎಂದು ಬರೆದರೆ ಆ ಸಾಲುಗಳಲ್ಲಿ ಅಪದ್ಧವಾಗುತ್ತದೆ. ಜಾಯಿಂಚರ್‌ಗೆ ‘ವಿಧವೆಯ ಜೀವನಾಂಶ’ ಹತ್ತಿರದ್ದು, ಆದರೆ ಜೀವನಾಂಶವನ್ನು ನಮ್ಮಲ್ಲಿ ಕೋರ್ಟ್ ಗೊತ್ತುಮಾಡುತ್ತದೆ, ಇದು ಮದುವೆಗೆ ಮುಂಚೆಯೇ ಗೊತ್ತಾದ ಮೊತ್ತ. ಬದುಕಿರುವ ಗಂಡ ವರ್ಷಕ್ಕಿಷ್ಟು ಎಂದು ಹೆಂಡತಿಗೆ ಕೊಡುವ ‘ಪಿನ್-ಮನಿ’ಗೆ ‘ಕೈಖರ್ಚು’ ಒಳ್ಳೆಯ ಕನ್ನಡ. ಟ್ರಸ್ಟಿಗೆ ‘ಧರ್ಮದರ್ಶಿ’ ಹಾಕಿಬಿಟ್ಟೀರಿ ಮತ್ತೆ, ದೇವಸ್ಥಾನದ ಕಮಿಟಿ ಆಗಿಬಿಡುತ್ತದೆ.

---

ಗೇಣಿಚೀಟಿ:

ಪದಕೋಶ ಅವರ ಮಾತಿಗೆ ಒಪ್ಪಿಗೆ, ಒಂದು ತಕರಾರು ಬಿಟ್ಟು. ಒಮ್ಮುಖ ಅಲ್ಲ ಎಂದ ಮಾತ್ರಕ್ಕೆ ಚೌಕಾಸಿ ಇರಲಿಲ್ಲ ಎಂದಲ್ಲ. 18ನೇ ಶತಮಾನದಲ್ಲಿ ಬಾಯಿಲೆಕ್ಕ ಹತ್ತಕ್ಕೆ ಒಂದು: 1,000 ಪೋರ್ಷನ್‌ಗೆ 100 ಜಾಯಿಂಚರ್. ಕಡತಪ್ರಿಯ ಅವರ 3,000ಕ್ಕೆ 300 ಕೂಡ ಅದೇ ಅಚ್ಚು. ಈ ಅನುಪಾತ ತಪ್ಪಿದ ಕಡೆ ನಿಲ್ಲಿ. ಜಾಯಿಂಚರ್ ಹೆಚ್ಚಾಗಿದ್ದರೆ ಗಂಡಿನಲ್ಲಿ ಏನೋ ಕೊರತೆ ಇದೆ (ವಯಸ್ಸು, ಸಾಲ, ಮೊದಲ ಹೆಂಡತಿಯ ಮಕ್ಕಳು), ಅಥವಾ ಹೆಣ್ಣಿನ ಮನೆತನ ದೊಡ್ಡದು. ಕಡಿಮೆ ಇದ್ದರೆ ಪೋರ್ಷನ್ ಪೂರ್ತಿ ಕೈಗೆ ಬಂದಿಲ್ಲ. ಸಾವಿರ ಈಗ, ಮಿಕ್ಕದ್ದಕ್ಕೆ ಬಾಂಡ್, ಎಂಬಂತೆ.

ಇನ್ನೊಂದು ಗೊಂದಲ ಬಹಳ ಜನರಿಗೆ ಆಗುತ್ತದೆ. ‘ಕಿರಿಯ ಮಕ್ಕಳಿಗೆ 5,000’ ಎಂದರೆ ಎಲ್ಲರಿಗೂ ಸೇರಿ, ತಲಾ ಅಲ್ಲ. ಒಬ್ಬರಿದ್ದರೆ ಇಷ್ಟು, ಇಬ್ಬರಿದ್ದರೆ ಇಷ್ಟು, ಮೂವರು ಅಥವಾ ಹೆಚ್ಚಿದ್ದರೆ ಇಷ್ಟು ಎಂದು ಮೆಟ್ಟಿಲು ಇರುತ್ತದೆ. ಹಂಚುವ ಅಧಿಕಾರ ಬಹುಪಾಲು ಅಪ್ಪನದು. ‘ನನ್ನ ಮಾತು ಮೀರಿ ಮದುವೆಯಾದರೆ ನಿನಗೆ ಕೈಚಿಪ್ಪು’ ಎಂಬ ಬೆದರಿಕೆಗೆ ಬಲ ಬರುವುದು ಅಲ್ಲಿಂದ. ಹಿರಿಮಗನಿಗೆ ಆ ಬೆದರಿಕೆ ನಾಟುವುದಿಲ್ಲ, ಅವನ ಹಕ್ಕು ಪತ್ರದಲ್ಲೇ ಭದ್ರ. ಬದಲಿಗೆ ಅಪ್ಪನಿಗೇ ಅವನ ಸಹಿ ಬೇಕು. ಮಗನಿಗೆ 21 ತುಂಬಿದ ಮೇಲೆ ಇಬ್ಬರೂ ಸೇರಿ ಹಳೆಯ ಕಟ್ಟನ್ನು ಕೋರ್ಟಿನ ಮೂಲಕ ಬಿಚ್ಚಿ ಹೊಸದಾಗಿ ಕಟ್ಟಿದರೆ ಮಾತ್ರ ಹೊಸ ಸಾಲ ಎತ್ತಲು ಸಾಧ್ಯ. ಅಪ್ಪ ಇದ್ದಕ್ಕಿದ್ದಂತೆ ಮಗನಿಗೆ ಅಕ್ಕರೆಯ ಪತ್ರ ಬರೆದು ವರ್ಷಾಶನದ ಮಾತೆತ್ತಿದರೆ ಮಗನ ಹುಟ್ಟಿದ ತಾರೀಖು ನೋಡಿ.

---

ಕಡತಪ್ರಿಯ:

ಎಲ್ಲರಿಗೂ ವಂದನೆ. ಇನ್ನೊಬ್ಬಳು ತಂಗಿ ಇದ್ದಾಳೆ, ಅವಳದೂ 1,500! ಇನ್ನೆರಡು ಪ್ರಶ್ನೆ. ಮೂಲ ಮದುವೆ ಪತ್ರ ಕಟ್ಟಿನಲ್ಲಿಲ್ಲ, ಎಲ್ಲಿ ಹುಡುಕಲಿ? ಎರಡನೆಯದು, ಕ್ಯಾಥೊಲಿಕ್ ದಾಯಾದಿಯೊಬ್ಬನ ಬಗ್ಗೆ ‘ಅವನೂ ಕನ್‌ಫಾರ್ಮ್ ಆದ’ ಎಂದು ಒಂದೇ ಸಾಲಿದೆ, ಅದರ ಬೆನ್ನಿಗೇ ಅವನ ಮದುವೆ ಸುದ್ದಿ. ಸಂಬಂಧ ಉಂಟೇ?

---

ದಫ್ತರ್‌ಖಾನೆ:

ಮೂಲ ಪತ್ರ ಸಿಗುವುದು ಅದೃಷ್ಟ, ಸಾರಾಂಶ ಸಿಗುವ ಸಾಧ್ಯತೆ ಚೆನ್ನಾಗಿದೆ. 1707ರ ಕಾಯ್ದೆಯಿಂದ ಡಬ್ಲಿನ್‌ನಲ್ಲಿ ರಿಜಿಸ್ಟ್ರಿ ಆಫ್ ಡೀಡ್ಸ್ ಶುರುವಾಯಿತು. ಈಗಲೂ ಹೆನ್ರಿಯೆಟಾ ಸ್ಟ್ರೀಟಿನ ತುದಿಯ ಕಿಂಗ್ಸ್ ಇನ್ಸ್ ಕಟ್ಟಡದಲ್ಲಿದೆ. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಂತೆ ಇಡೀ ಪತ್ರವನ್ನು ನಕಲು ಮಾಡಿಟ್ಟುಕೊಳ್ಳುತ್ತಿರಲಿಲ್ಲ. ‘ಮೆಮೋರಿಯಲ್’ ಎಂಬ ಸಾರಾಂಶವನ್ನು ಸಾಕ್ಷಿಗಳ ಪ್ರಮಾಣದೊಂದಿಗೆ ಕೊಡಬೇಕು, ಅದನ್ನು ದೊಡ್ಡ ಪುಸ್ತಕಗಳಿಗೆ ಇಳಿಸುತ್ತಿದ್ದರು. ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಾಯಿಸದ ಪತ್ರ ನೋಂದಾಯಿತ ಪತ್ರದ ಎದುರು ಸೋಲುತ್ತಿತ್ತು. ಹೆಣ್ಣಿನ ಅಪ್ಪ ಬುದ್ಧಿವಂತನಾಗಿದ್ದರೆ ಖಂಡಿತ ಮಾಡಿಸಿರುತ್ತಾನೆ.

ಸೂಚಿ ಎರಡು: ಬರೆದುಕೊಟ್ಟವರ ಹೆಸರಿನದು ಮತ್ತು ಊರು-ಜಮೀನಿನದು. ಬರೆಸಿಕೊಂಡವರ ಹೆಸರಿನ ಸೂಚಿ ಇಲ್ಲ. ಆದ್ದರಿಂದ ಹೆಣ್ಣಿನ ಹೆಸರಿಂದ ಶುರು ಮಾಡಿದರೆ ಗೋಡೆಗೆ ಹಣೆ ಚಚ್ಚಿಕೊಂಡಂತೆ. ಗಂಡಿನ ಅಪ್ಪನ ಹೆಸರು, ಗಂಡಿನ ಹೆಸರು, ಎರಡನ್ನೂ ನೋಡಿ. 1833ಕ್ಕೆ ಮುಂಚಿನ ಹೆಸರಿನ ಸೂಚಿಯಲ್ಲಿ ಊರೂ ಇಲ್ಲ, ಕೌಂಟಿಯೂ ಇಲ್ಲ. ಬರೆದುಕೊಟ್ಟವನ ಹೆಸರು, ಬರೆಸಿಕೊಂಡ ಒಬ್ಬನ ಅಡ್ಡಹೆಸರು, ಸಂಪುಟ, ಪುಟ, ಮೆಮೋರಿಯಲ್ ಸಂಖ್ಯೆ ಅಷ್ಟೆ. ಆ ‘ಬರೆಸಿಕೊಂಡವನು’ ಮದುವೆ ಪತ್ರದಲ್ಲಿ ಬಹುತೇಕ ಟ್ರಸ್ಟಿಯೇ, ಹೆಣ್ಣಿನ ಸೋದರಮಾವನೋ ಚಿಕ್ಕಪ್ಪನೋ. ಹಾಗಾಗಿ ಮೊದಲು ಪತ್ರಗಳಿಂದ ಎರಡೂ ಕಡೆಯ ಮಾವ-ಚಿಕ್ಕಪ್ಪಂದಿರ ಅಡ್ಡಹೆಸರುಗಳ ಪಟ್ಟಿ ಮಾಡಿ, ಆಮೇಲೆ ಸೂಚಿ ತೆರೆಯಿರಿ. ಹೆಸರು ಸಾಮಾನ್ಯವಾದದ್ದಾಗಿದ್ದರೆ ಜಮೀನಿನ ಸೂಚಿ ವಾಸಿ, ಅದು ಕೌಂಟಿವಾರು ಇದೆ. ಪುಸ್ತಕಗಳ ಮೈಕ್ರೋಫಿಲ್ಮ್ ಚಿತ್ರಗಳು ಫ್ಯಾಮಿಲಿಸರ್ಚ್ ತಾಣದಲ್ಲಿ ಪುಕ್ಕಟೆ ಇವೆ. ಬೆಂಗಳೂರಿನಲ್ಲಿ ಕೂತೇ ನೋಡಬಹುದು.

ಮದುವೆಯ ವರ್ಷಕ್ಕೇ ಅಂಟಿಕೊಳ್ಳಬೇಡಿ. ಪತ್ರ ಬರೆದ ದಿನ ಬೇರೆ, ನೋಂದಾಯಿಸಿದ ದಿನ ಬೇರೆ. ಜಗಳ ಹುಟ್ಟಿದ ಮೇಲೆ ದಶಕಗಳ ನಂತರ ನೋಂದಾಯಿಸಿದ್ದೂ ಉಂಟು. ಮದುವೆಗೆ ಮುಂಚಿನ ಕರಾರನ್ನು ‘ಆರ್ಟಿಕಲ್ಸ್’ ಎನ್ನುತ್ತಾರೆ, ಪೂರ್ಣಪತ್ರ ಆಮೇಲೆ. ಎರಡೂ ಬೇರೆ ಬೇರೆ ನೋಂದಣಿ ಆಗಿರಬಹುದು, ಮೊತ್ತಗಳೂ ಬದಲಾಗಿರಬಹುದು. ಮೆಮೋರಿಯಲ್‌ನಲ್ಲಿ ಮೊತ್ತವೇ ಇಲ್ಲದಿರುವುದೂ ಇದೆ. ಮನೆಯ ಗುಟ್ಟು ಊರಿಗೆ ಯಾಕೆ ಎಂದು ಜಮೀನಿನ ವಿವರ ಮಾತ್ರ ಕೊಟ್ಟು ‘ಅದರಲ್ಲಿ ಹೇಳಿದ ಉದ್ದೇಶಗಳಿಗೆ’ ಎಂದು ತೇಲಿಸಿಬಿಡುತ್ತಿದ್ದರು.

ಈ ದಾರಿಯನ್ನೇ ಒತ್ತಿ ಹೇಳುವುದಕ್ಕೆ ಕಾರಣವಿದೆ. 1922ರ ಜೂನ್ 30ರಂದು ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ಪಬ್ಲಿಕ್ ರೆಕಾರ್ಡ್ ಆಫೀಸ್ ಸುಟ್ಟಾಗ ವಿಲ್‌ಗಳು, ಮದುವೆ ಲೈಸೆನ್ಸ್ ಬಾಂಡ್‌ಗಳು, ಅಲ್ಲಿಗೆ ತಂದಿಟ್ಟಿದ್ದ ಚರ್ಚ್ ಆಫ್ ಐರ್ಲೆಂಡಿನ ರಿಜಿಸ್ಟರುಗಳು ಹೋದವು. ರಿಜಿಸ್ಟ್ರಿ ಆಫ್ ಡೀಡ್ಸ್ ಬೇರೆ ಕಟ್ಟಡದಲ್ಲಿದ್ದುದರಿಂದ ಉಳಿಯಿತು. 1800ಕ್ಕೆ ಮುಂಚಿನ ಪ್ರೆರೋಗೆಟಿವ್ ಕೋರ್ಟ್ ಎಂಬ ಚರ್ಚ್ ನ್ಯಾಯಾಲಯದ ವಿಲ್‌ಗಳಿಗೆ ಸರ್ ವಿಲಿಯಂ ಬೆಥಮ್ ಮಾಡಿಟ್ಟ ವಂಶಾವಳಿ ಟಿಪ್ಪಣಿಗಳು ಉಳಿದಿವೆ. ಡಬ್ಲಿನ್‌ನ ನ್ಯಾಷನಲ್ ಲೈಬ್ರರಿ, ಬೆಲ್‌ಫಾಸ್ಟಿನ ಪಬ್ಲಿಕ್ ರೆಕಾರ್ಡ್ ಆಫೀಸ್ ಎರಡರಲ್ಲೂ ಮನೆತನದ ಕಾಗದಗಳ ದೊಡ್ಡ ಸಂಗ್ರಹಗಳಿವೆ. ಹೆಣ್ಣಿನ ಮನೆತನದ ಹೆಸರಲ್ಲೂ ಹುಡುಕಿ, ಮದುವೆ ಪತ್ರಕ್ಕೆ ಎರಡು ಮೂರು ಪ್ರತಿ ಇರುತ್ತಿತ್ತು.

ಕನ್‌ಫಾರ್ಮ್ ಎಂದರೆ ಸರ್ಕಾರಿ ಚರ್ಚಿಗೆ, ಅಂದರೆ ಪ್ರಾಟೆಸ್ಟೆಂಟ್ ಚರ್ಚ್ ಆಫ್ ಐರ್ಲೆಂಡಿಗೆ, ಸೇರುವುದು. ಸಂಬಂಧ ಖಂಡಿತ ಇದೆ. 1704ರ ಕಾಯ್ದೆಯ ಪ್ರಕಾರ ಕ್ಯಾಥೊಲಿಕನ ಜಮೀನು ಗಂಡುಮಕ್ಕಳಲ್ಲಿ ಸಮಪಾಲು ಆಗಬೇಕು. ಹಿರಿಮಗ ಪ್ರಾಟೆಸ್ಟೆಂಟ್ ಆದರೆ ಪೂರ್ತಿ ಅವನಿಗೆ, ಬದುಕಿರುವ ಅಪ್ಪ ಬರೀ ಆಜೀವ ಹಕ್ಕುದಾರ. ಕ್ಯಾಥೊಲಿಕರು ಜಮೀನು ಕೊಳ್ಳುವಂತಿಲ್ಲ, 31 ವರ್ಷ ಮೀರಿದ ಗುತ್ತಿಗೆ ಹಿಡಿಯುವಂತಿಲ್ಲ. ಪಾಲಾಗಿ ಚೂರಾಗುವ ಜಮೀನಿನ ಮೇಲೆ ಯಾವ ಮಾವ 300 ಪೌಂಡಿನ ಜಾಯಿಂಚರ್ ನಂಬುತ್ತಾನೆ? ಹಾಗಾಗಿ ಮದುವೆಗೆ ಮುಂಚೆ ಮತಾಂತರ ಆಗಾಗ ಕಾಣುತ್ತದೆ. 1697ರ ಇನ್ನೊಂದು ಕಾಯ್ದೆಯಂತೂ ಪ್ರಾಟೆಸ್ಟೆಂಟ್ ಉತ್ತರಾಧಿಕಾರಿ ಹೆಣ್ಣು ಕ್ಯಾಥೊಲಿಕನನ್ನು ಮದುವೆಯಾದರೆ ಆಸ್ತಿಯನ್ನೇ ಕಳೆಯುತ್ತಿತ್ತು. ಕ್ಯಾಥೊಲಿಕ್ ಮನೆಯ ಪತ್ರಗಳಲ್ಲಿ ಜಮೀನಿನ ವಿವರ ತೀರಾ ಮಸುಕಾಗಿರುವುದಕ್ಕೂ ಇದೇ ಕಾರಣ. 1709ರ ಕಾಯ್ದೆಯ ಮೇಲೆ ಬಚ್ಚಿಟ್ಟ ಹಕ್ಕನ್ನು ಪತ್ತೆಮಾಡಿ ದಾವೆ ಹೂಡಿದ ಪ್ರಾಟೆಸ್ಟೆಂಟನಿಗೇ ಅದು ಸೇರುತ್ತಿತ್ತು. ರಾಸ್‌ಕಾಮನ್ ಕೌಂಟಿಯ ಬೆಲನಗೇರ್‌ನ ಚಾರ್ಲ್ಸ್ ಓಕಾನರ್ ಮೇಲೆ 1777ರಲ್ಲಿ ಇಂಥ ದಾವೆ ಹೂಡಿದವನು ಮತ ಬದಲಿಸಿದ ಅವನ ಸ್ವಂತ ತಮ್ಮ. ಮರುವರ್ಷವೇ, 1778ರಲ್ಲಿ, ಸಮಪಾಲಿನ ಕಾಯ್ದೆ ರದ್ದಾಯಿತು.

---

ಕಾವೇರಿತೀರ:

ವಿಷಯಾಂತರ ಅನ್ನಿಸಿದರೆ ಕ್ಷಮಿಸಿ. ಶ್ರೀರಂಗಪಟ್ಟಣದ ಆರ್ಥರ್ ವೆಲ್ಲೆಸ್ಲಿಗೂ (ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು) ಹೀಗೇ ಹೆಣ್ಣು ತಪ್ಪಿತ್ತಲ್ಲವೇ?

---

ಗೇಣಿಚೀಟಿ:

ವಿಷಯಾಂತರವಲ್ಲ, ನಮ್ಮ ಸೀಮೆಗೆ ತಾಗುವ ಒಳ್ಳೆಯ ಉದಾಹರಣೆ. ಮೀತ್ ಕೌಂಟಿಯ ಡ್ಯಾಂಗನ್‌ನ ಮಾರ್ನಿಂಗ್ಟನ್ ಮನೆತನದ ಕಿರಿಯ ಗಂಡುಮಕ್ಕಳಲ್ಲಿ ಒಬ್ಬ ಅವನು. ಅಪ್ಪ 1781ರಲ್ಲಿ ಸಾಲ ಬಿಟ್ಟು ಸತ್ತ, ಜಮೀನು ಅಣ್ಣ ರಿಚರ್ಡ್‌ಗೆ. ಆರ್ಥರ್ ಕೇಳಿದ್ದು ವೆಸ್ಟ್‌ಮೀತ್‌ನ ಪೇಕನಮ್ ಮನೆಯ ಕಿಟ್ಟಿಯನ್ನು. 1793ರಲ್ಲಿ ಅವಳ ಅಣ್ಣ ಲಾರ್ಡ್ ಲಾಂಗ್‌ಫರ್ಡ್ ಆಗದು ಎಂದ. ಹಟಮಾರಿತನ ಅನ್ನುವ ಮೊದಲು ಲೆಕ್ಕ ನೋಡಿ: ಜಾಯಿಂಚರ್‌ಗೆ ಆಧಾರ ಬೇಕು. ಜಮೀನಿಲ್ಲದವನು ವರ್ಷಕ್ಕೆ 300 ಬರೆದುಕೊಡಬೇಕಾದರೆ ಶೇಕಡಾ 5ರಲ್ಲಿ 6,000 ಪೌಂಡ್ ಅಸಲು ಟ್ರಸ್ಟಿಗಳ ಕೈಗೆ ಇಡಬೇಕು. ಸಾಲದಲ್ಲಿದ್ದ ಸೈನ್ಯಾಧಿಕಾರಿಯ ಹತ್ತಿರ ಅದೆಲ್ಲಿಂದ ಬರಬೇಕು? ಸಂಬಳದ ಮೇಲೆ ಜಾಯಿಂಚರ್ ಬರೆಯಲಾಗುವುದಿಲ್ಲ, ಗಂಡ ಸತ್ತರೆ ಸಂಬಳವೂ ಹೋಗುತ್ತದೆ.

1797ರಲ್ಲಿ ಭಾರತಕ್ಕೆ ಬಂದ, 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಲೂಟಿ ಹಣದ ಹಂಚಿಕೆಯಲ್ಲಿ ಅವನ ಪಾಲಿಗೆ ಸುಮಾರು 4,000 ಪೌಂಡ್ ಬಂದಾಗ ಅವನು ಮೊದಲು ಯೋಚಿಸಿದ್ದು ಸೈನ್ಯದ ಹುದ್ದೆ ಕೊಳ್ಳಲು ಅಣ್ಣ ಕೊಟ್ಟಿದ್ದ ಸಾಲ ತೀರಿಸುವುದನ್ನು, ಅಣ್ಣ ಬೇಡವೆಂದ. 1805ರಲ್ಲಿ ವಾಪಸು ಹೋಗುವಾಗ ಅವನ ಬಳಿ 40,000ಕ್ಕೂ ಮೇಲಿತ್ತು. 1806ರ ಏಪ್ರಿಲ್ 10ರಂದು ಡಬ್ಲಿನ್‌ನಲ್ಲಿ ಅದೇ ಕಿಟ್ಟಿಯ ಜೊತೆ ಮದುವೆ. ಹುಡುಗಿ ಅವಳೇ, ಮನೆ ಅದೇ, ಅಣ್ಣನೂ ಅವನೇ. ನಡುವೆ ಬದಲಾದದ್ದು ಹುಡುಗನ ಹೆಸರು ಮತ್ತು ಟ್ರಸ್ಟಿಗಳಿಗೆ ತೋರಿಸಬಲ್ಲ ಅಸಲು.

---

ಅರಗುಮುದ್ರೆ:

ಕಾಗದ ಕಾಣೆಯಾದದ್ದಕ್ಕೆಲ್ಲ 1922ರ ಬೆಂಕಿಯನ್ನೇ ದೂರಬೇಡಿ, ಮನೆಯ ಒಲೆಗೂ ಪಾಲಿದೆ. ಡೌನ್‌ನ ಡೀನ್ (ಕೆಥೀಡ್ರಲಿನ ಮುಖ್ಯ ಪಾದ್ರಿ) ಆಗಿದ್ದ ಪ್ಯಾಟ್ರಿಕ್ ಡಿಲೇನಿ ತನ್ನ ಮೊದಲ ಹೆಂಡತಿಯ ಮದುವೆ ಕರಾರಿನ ಕಾಗದವನ್ನು ನಾಶಮಾಡಿದ ಎಂದು ಅವಳ ಕಡೆಯವರು ಹಾಕಿದ ದಾವೆ ವರ್ಷಗಟ್ಟಲೆ ಎಳೆದು 1758ರಲ್ಲಿ ಲಂಡನ್ನಿನ ಲಾರ್ಡ್ಸ್ ಸಭೆಯಲ್ಲಿ ಮುಗಿಯಿತು. ಎರಡನೇ ಹೆಂಡತಿ ಮೇರಿ ಡಿಲೇನಿಯ ಪತ್ರಗಳಲ್ಲಿ ಆ ವರ್ಷಗಳ ಕಳವಳ ಎದ್ದು ಕಾಣುತ್ತದೆ. ಕಟ್ಟಿನಲ್ಲಿ ಒಂದು ಸಾಲಿನ ಪತ್ರಗಳು ತಟ್ಟನೆ ನಿಂತರೆ ಕೋರ್ಟಿನ ಕಡೆ ನೋಡುವುದು ಒಳ್ಳೆಯದು.

---

ಕಡತಪ್ರಿಯ:

ಮಾವಂದಿರ ಪಟ್ಟಿ ಮಾಡಿ ಹುಡುಕಿದ್ದಕ್ಕೆ ಮೆಮೋರಿಯಲ್ ಸಿಕ್ಕಿತು. ಮದುವೆಯಾಗಿ ಎರಡು ವರ್ಷಕ್ಕೆ ನೋಂದಣಿ. 3,000, 300 ಎರಡೂ ಇವೆ, ‘ಸ್ಟರ್ಲಿಂಗ್’ ಎಂದಷ್ಟೇ ಇದೆ. ಟ್ರಸ್ಟಿಗಳಲ್ಲಿ ಒಬ್ಬ ಪತ್ರಗಳಲ್ಲಿ ಸದಾ ಗದರುವ ಚಿಕ್ಕಪ್ಪ. ಆದರೆ ಅಕ್ಕ-ತಂಗಿಯರ ಮಾತೇ ಇಲ್ಲ. ಹಾಗಾದರೆ ಗಂಟು ಅವರಿಗೇ ಹೋಯಿತೆಂದು ಹೇಗೆ ಬರೆಯಲಿ?

---

ಗೇಣಿಚೀಟಿ:

ಈಗಲೇ ಬರೆಯಬೇಡಿ. ಪೋರ್ಷನ್ ಸಂದಾಯವಾದಾಗ ಪಡೆದವರು ಎಸ್ಟೇಟಿನ ಮೇಲಿನ ತಮ್ಮ ಹಕ್ಕು ಬಿಟ್ಟುಕೊಟ್ಟು ‘ರಿಲೀಸ್’ ಬರೆದುಕೊಡುತ್ತಾರೆ. ಬರೆದುಕೊಟ್ಟವರು ಇಲ್ಲಿ ಅಕ್ಕ ಮತ್ತು ತಂಗಿ, ಹಾಗಾಗಿ ಈ ಸಲ ಹೆಸರಿನ ಸೂಚಿಯಲ್ಲಿ ಹೆಣ್ಣಿನ ಹೆಸರೇ ಕೆಲಸಕ್ಕೆ ಬರುತ್ತದೆ. ತಂಗಿಗೆ ಅಷ್ಟರಲ್ಲಿ ಮದುವೆಯಾಗಿದ್ದರೆ ಅವಳ ಗಂಡನ ಹೆಸರಲ್ಲಿ ನೋಡಿ. ಸಿಗದಿದ್ದರೆ ರಸೀದಿಗಳಿಗೇ ಮರಳಿ: 45 ಪೌಂಡಿನ ಕೊನೆಯ ರಸೀದಿ ಮದುವೆಗೆ ಮುಂಚಿನ ಗೇಲ್‌ನದೋ ನಂತರದ್ದೋ?